ಪೂಜೆ ಚೀಲ ಮತ್ತು ರೂಲ್ ನಂಬರ್ ಏಳು

ಗಂಗುಲಮ್ಮನ ಕೈಯಲ್ಲಿದ್ದ ಮಚ್ಚು ನನ್ನ ಗಂಟಲಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು.

ನನ್ನ ಕೈಯಲ್ಲಿದ್ದದ್ದು ಒಂದು ಛಾಪಾ ಕಾಗದ, ಒಂದು ಇಂಕ್ ಪ್ಯಾಡು.

“ಹೆಬ್ಬೆಟ್ಟು ಬೇಕಾ ಆವಲಪ್ಪಾ? ಬಾ... ಇನ್ನೊಂದು ಹೆಜ್ಜೆ ಬಾ. ಕೊಡ್ತೀನಿ.”

ನಾನು ಆ ಹೆಜ್ಜೆ ಇಡಲಿಲ್ಲ. ನಲವತ್ತೇಳು ವರ್ಷ ಬದುಕಿದ್ದೇನೆ ಸ್ವಾಮಿ. ಎಲ್ಲಿ ನಿಲ್ಲಬೇಕು ಅಂತ ಗೊತ್ತು.

ಶಿಡ್ಲಘಟ್ಟದ ಹೊರಗೆ, ಆಕೆಯ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ನಿಂತಿದ್ದೆ. ಶೆಡ್ಡು ಅನ್ನುವುದಕ್ಕೆ ಮೂರು ಗೋಡೆ ಉಳಿದಿದ್ದವು. ಹಿಂದಿನ ವಾರ ಬಾಯ್ಲರ್ ಸಿಡಿದು ನಾಲ್ಕನೆಯದನ್ನು ಕೊಂಡೊಯ್ದಿತ್ತು. ಜೊತೆಗೆ ಆಕೆಯ ಗಂಡನನ್ನೂ.

ಬಾಯ್ಲರ್ ಮಾರಿದವನು ಚಿಕ್ಕಬಳ್ಳಾಪುರದ ಬಯ್ಯಪ್ಪ. ಅವನ ಎಲ್ಲಾ ಕೊಳಕು ಕೆಲಸಕ್ಕೂ ನಾನೇ. ಜಗಳ ಬಿಡಿಸುವುದು, ಜಗಳ ಹಚ್ಚುವುದು, ರಾಜಿ ಮಾಡಿಸುವುದು. ಆವತ್ತಿನ ಕೆಲಸ ಸುಲಭದ್ದು. ‘ಬಾಯ್ಲರಿನ ಸೇಫ್ಟಿ ವಾಲ್ವನ್ನು ನಾವೇ ಬಿಚ್ಚಿ ಮಾರಿಕೊಂಡೆವು’ ಎಂದು ಬರೆದ ಕಾಗದಕ್ಕೆ ವಿಧವೆಯ ಹೆಬ್ಬೆಟ್ಟು ಒತ್ತಿಸಬೇಕು. ಅಷ್ಟೇ.

“ಮಾರ್ಕೊಂಡಿಲ್ಲ ಅಂತೀಯಾ?” ಅಂದೆ.

“ಮಾರ್ಕೊಳ್ಳಕ್ಕೆ ಮೊದ್ಲು ಕೊಟ್ಟಿರ್ಬೇಕಲ್ಲೋ. ಏಮಯ್ಯಾ, ಓದಕ್ಕೆ ಬರ್ತದಾ ನಿಂಗೆ? ಓದು ಇದನ್ನ.”

ಎಡಗೈಯಿಂದ ಸೊಂಟದ ಚೀಲ ಬಿಚ್ಚಿ ಒಂದು ಕಾಗದ ಎಸೆದಳು. ಮಚ್ಚು ಅಲ್ಲೇ ಇತ್ತು.

ಬಯ್ಯಪ್ಪನ ಅಂಗಡಿಯ ಕೊಟೇಷನ್. ಕಂಪ್ಯೂಟರಿನಲ್ಲಿ ಹೊಡೆದದ್ದು, ಅಂಚಿನಲ್ಲಿ ತೂತು ತೂತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ನನ್ನ ಹಳ್ಳಿ ಶಾಲೆ ಕಲಿಸಿತ್ತು. ಬಾಯ್ಲರ್ ಒಂದು. ಗೂಡು ಬೇಯಿಸುವ ಬೇಸನ್ ಎಂಟು. ಪೈಪು, ಮೋಟಾರು, ರಾಟೆ. ಒಟ್ಟು ಮೂವತ್ತೊಂಬತ್ತು ಸಾವಿರದ ಒಂಬೈನೂರು.

ವಾಲ್ವ್ ಇರಲಿಲ್ಲ.

ಮತ್ತೊಮ್ಮೆ ಓದಿದೆ. ಇರಲಿಲ್ಲ.

“ಫಿಟ್ಟರ್ ಏನಂದ?”

“ವಾಲ್ವಿನ ತೂತಿಗೆ ಬೋಲ್ಟ್ ಹೊಡ್ದ. ವಾಲ್ವ್ ಆಮೇಲೆ ಬರ್ತದೆ ಅಂದ. ನಮ್ಮೆಜಮಾನ್ರು ಮೂರು ಸಲ ಕೇಳಿದ್ರು. ನಾಲ್ಕನೇ ಸಲ ಕೇಳಕ್ಕೆ ಇವತ್ತು ಇಲ್ಲ.”

ಛಾಪಾ ಕಾಗದ ಮಡಚಿ ಜೇಬಿಗಿಟ್ಟೆ. ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬೈಕ್ ಹತ್ತಿದೆ.

*

ಚಿಕ್ಕಬಳ್ಳಾಪುರದ ಅಂಗಡಿ ಮುಟ್ಟಿದಾಗ ಹತ್ತೂಕಾಲು. ಶುಕ್ರವಾರ. ಬಯ್ಯಪ್ಪ ಇನ್ನೂ ಬಂದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ತೊಂಬತ್ತೆರಡರಲ್ಲಿ ತಂದದ್ದು. ಅದಕ್ಕೆ ತಂಪು ಗಾಳಿ, ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ದೇವರ ಮನೆಗೂ ನಾವು ಅಷ್ಟು ಮರ್ಯಾದೆ ಕೊಡುತ್ತಿರಲಿಲ್ಲ.

ನಾನು ಚಪ್ಪಲಿಯಲ್ಲೇ ಒಳಗೆ ನುಗ್ಗಿದೆ.

ಅದರ ಮುಂದೆ ಕೂತವನು ವೆಂಕಟೇಶ. ಚಿಂತಾಮಣಿಯವನು, ಡಿಪ್ಲೊಮಾ ಓದಿದವನು, ಮೂವತ್ತರ ಹತ್ತಿರ. ಕೊಟೇಷನ್ ಹೊಡೆಯುವ ಪ್ರೋಗ್ರಾಂ ಬರೆದವನು ಅವನೇ.

“ಅಣ್ಣ, ಚಪ್ಪಲಿ...”

ಕಾಲರ್ ಹಿಡಿದೆ. “ಗಂಗುಲಮ್ಮನ ಸೆಟ್ಟಲ್ಲಿ ವಾಲ್ವ್ ಯಾಕಿಲ್ಲ?”

“ಯಾವ ವಾಲ್ವು? ಮೆಷೀನ್ ಏನ್ ಹೇಳ್ತೋ ಅದನ್ನ ಹೊಡೀತೀನಣ್ಣ.”

“ಮೆಷೀನಿಗೆ ಹೇಳಿದ್ದು ಯಾರು?”

“ನಾನೇ.” ಅವನ ದನಿ ಕುಗ್ಗಿತು. “ಕಾಲರ್ ಬಿಡಿ, ತೋರಿಸ್ತೀನಿ.”

ತೋರಿಸಿದ. ಕೇಳಿ, ಇದು ಕಷ್ಟದ್ದಲ್ಲ. ಬಾಯ್ಲರ್ ಬಿಡಿಯಾಗಿ ಹೋಗುವುದಿಲ್ಲ, ಸೆಟ್ ಆಗಿ ಹೋಗುತ್ತದೆ. ಯಾವ ಸೆಟ್ಟಿಗೆ ಯಾವ ಸಾಮಾನು, ಯಾರಿಗೆ ಯಾವ ರೇಟು, ಎಲ್ಲದಕ್ಕೂ ಒಂದೊಂದು ರೂಲ್. ಪಾರ್ಟಿಯ ಹೆಸರು ಹೊಡೆದರೆ ಉಳಿದದ್ದನ್ನು ಮೆಷೀನೇ ಕೂಡಿಸಿಕೊಳ್ಳುತ್ತದೆ.

ರೂಲ್ ನಂಬರ್ ಏಳು ಹೀಗಿತ್ತು. ಹೆಸರಿನ ಮುಂದೆ ಶ್ರೀಮತಿ ಇದ್ದರೆ ಒಟ್ಟು ಮೊತ್ತ ನಲವತ್ತು ಸಾವಿರ ದಾಟಬಾರದು. ದಾಟಿದರೆ, ತೀರ ಬೇಕಿಲ್ಲದ ಸಾಮಾನನ್ನು ಮೊದಲು ಕಿತ್ತುಹಾಕು.

ನಲವತ್ತು ಸಾವಿರ ಯಾಕೆ ಅಂತ ನಾನು ಕೇಳಲಿಲ್ಲ. ಹೆಂಗಸರಿಗೆ ಕೊಡುವ ಕಡಿಮೆ ಬಡ್ಡಿಯ ಸಾಲಕ್ಕೆ ಅದೇ ಮಿತಿ. ‘ಹೆಂಡ್ತಿ ಹೆಸರಲ್ಲಿ ಕೊಟೇಷನ್ ತಗೊಳ್ಳಿ’ ಅಂತ ಊರೂರು ತಿರುಗಿ ಹೇಳಿದವನು ನಾನೇ. ಒಂದು ಪಾರ್ಟಿಗೆ ಇನ್ನೂರು ರೂಪಾಯಿ ಕಮಿಷನ್.

“ಪೂರ್ತಿ ಸೆಟ್ ನಲವತ್ತೊಂದು ಸಾವಿರದ ಮುನ್ನೂರು,” ಅಂದ ವೆಂಕಟೇಶ. “ಅದಕ್ಕೆ ಮೆಷೀನು ಸಾವಿರದ ನಾನೂರರ ಐಟಂ ತೆಗೀತದೆ. ಪೂಜೆ ಚೀಲ.”

ನಾನು ಅವನ ಕಡೆ ಬಾಗಿದೆ.

“ಏನು ತೆಗೀತದೆ?”

“ಪೂಜೆ ಚೀಲ ಅಣ್ಣ. ಓನರ್ರು ಕೊಟ್ಟ ಹಳೇ ನೋಟ್‌ಬುಕ್ಕಲ್ಲಿ ಹಂಗೇ ಇತ್ತು. ತೆಂಗಿನಕಾಯಿ, ಅರಿಶಿನ, ಕುಂಕುಮ ಅಂದ್ಕೊಂಡೆ. ಅದಕ್ಯಾರು ಸಾವಿರದ ನಾನೂರು ಕೊಡ್ತಾರೆ? ಫಸ್ಟ್ ತೆಗೆಯೋ ಐಟಂ ಅಂತ ಹಾಕ್ದೆ.”

ನಾನು ಕುರ್ಚಿ ಎಳೆದು ಕೂತೆ.

ಬಯ್ಯಪ್ಪನ ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಬಾಯ್ಲರಿಗೆ ಮೊದಲು ಪೂಜೆ. ಪೂಜೆ ಆದಮೇಲೆ, ಎಲ್ಲಕ್ಕಿಂತ ಕೊನೆಗೆ, ಫಿಟ್ಟರ್ ಕೈಮುಗಿದು ಸೇಫ್ಟಿ ವಾಲ್ವ್ ಕೂರಿಸುತ್ತಾನೆ. ಅದಕ್ಕೇ ವಾಲ್ವನ್ನು ಕಾಯಿ, ಕುಂಕುಮದ ಜೊತೆ ಒಂದೇ ಚೀಲಕ್ಕೆ ಹಾಕಿ ಕಟ್ಟುತ್ತಿದ್ದರು. ಅಂಗಡಿಯ ಪ್ರತಿ ಕೂಲಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರೂ ಬರೆದಿರಲಿಲ್ಲ.

“ಆ ಚೀಲದಲ್ಲಿ ವಾಲ್ವ್ ಇರ್ತದೆ ಕಣೋ.”

ತಂಪು ಕೋಣೆಯಲ್ಲೂ ವೆಂಕಟೇಶನ ಹಣೆ ಬೆವರಿತು.

“ಎಷ್ಟು ಜನ ಶ್ರೀಮತಿಯರು?”

ಕೀ ಒತ್ತಿದ. ಪ್ರಿಂಟರ್ ಕಿರುಚತೊಡಗಿತು. ಹೆಸರು, ಊರು... ಹದಿನೇಳು ಸಾಲು. ಗಂಗುಲಮ್ಮ ಮೊದಲನೆಯವಳು. ಕೊನೆಯ ಸಾಲು: ಶ್ರೀಮತಿ ಆದಿಲಕ್ಷ್ಮಮ್ಮ, ದಿಬ್ಬೂರಹಳ್ಳಿ.

“ಅಣ್ಣ...” ಮೇಜಿನ ಮೇಲಿದ್ದ ಅರಿಶಿನ ಹಚ್ಚಿದ ಕಾರ್ಡನ್ನು ವೆಂಕಟೇಶ ನನ್ನ ಕಡೆ ತಳ್ಳಿದ. “ಇವ್ರ ಓಪನಿಂಗ್ ಇವತ್ತೇ.”

ಹತ್ತು ಗಂಟೆಗೆ ಬಾಯ್ಲರ್ ಪೂಜೆ, ಒಲೆ ಹಚ್ಚುವುದು. ಹನ್ನೆರಡರ ನಂತರ ನೂಲು ತೆಗೆಯುವುದು.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಒಲೆಯನ್ನು ಒಳ್ಳೆಯ ಗಳಿಗೆಯಲ್ಲಿ ಹಚ್ಚುತ್ತಾರೆ. ಆವಿಯನ್ನು ಮಾತ್ರ ರಾಹುಕಾಲ ಮುಗಿಯುವ ತನಕ ಬೇಸನ್‌ಗೆ ಬಿಡುವುದಿಲ್ಲ. ಎರಡು ಗಂಟೆ ಬೆಂಕಿ, ಎರಡು ಗಂಟೆ ಆವಿ ಒಳಗೇ. ಹೆಚ್ಚಾದ ಆವಿ ಹೊರಗೆ ಹೋಗಬೇಕಾದ ವಾಲ್ವಿನ ತೂತಿಗೆ ಬೋಲ್ಟ್.

“ಫೋನ್ ಇದ್ಯಾ ಅವ್ರಿಗೆ?”

“ಇಲ್ಲ.”

ಬಾಗಿಲಲ್ಲಿ ನೆರಳು ಬಿತ್ತು. ಬಯ್ಯಪ್ಪ. ಹಿಂದೆ ಅವನ ಡ್ರೈವರ್ ಪಿಳ್ಳಪ್ಪ, ಬಾಗಿಲಷ್ಟೇ ಅಗಲದ ಆಳು.

ಬಯ್ಯಪ್ಪ ನನ್ನ ಚಪ್ಪಲಿ ನೋಡಿದ. ಆಮೇಲೆ ಕಾಗದ ನೋಡಿದ.

“ಹೆಬ್ಬೆಟ್ಟು ಸಿಕ್ತಾ?”

“ಹದಿನಾರು ಬಾಯ್ಲರ್ ಇನ್ನೂ ಇದಾವೆ ಬಯ್ಯಪ್ಪ. ಜನ ಕಳ್ಸು. ಬೆಂಕಿ ಆರ್ಸು ಅಂತ ಹೇಳ್ಸು.”

“ಹೇಳಿದ್ರೆ ತಪ್ಪು ನಮ್ದು ಅಂತ ಒಪ್ಕೊಂಡಂಗೆ.” ಅವನು ಸ್ವರ ಏರಿಸಲಿಲ್ಲ. “ವೆಂಕಟೇಶ, ಡಿಸ್ಕ್ ಒರೆಸು. ಪೂರ್ತಿ. ಪಿಳ್ಳಪ್ಪ, ಆ ಲಿಸ್ಟ್ ಈಸ್ಕೊ.”

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಹೋದ ವಾರ ಗೊತ್ತಾಯ್ತು. ಗಂಗುಲಮ್ಮನ ಶೆಡ್ಡಲ್ಲಿ ಶಬ್ದ ಬಂದ ದಿನ.”

ಪ್ರಿಂಟರ್ ಎತ್ತಿ ಪಿಳ್ಳಪ್ಪನ ಎದೆಗೆ ಎಸೆದೆ. ಇಪ್ಪತ್ತು ಸಾವಿರದ ಪ್ರಿಂಟರ್. ಅವನು ಅದನ್ನು ಹಿಡಿದುಕೊಂಡ. ಮಾಲೀಕನ ಸಾಮಾನು ಬೀಳಿಸಲು ಮನಸ್ಸು ಬರಲಿಲ್ಲ ಪಾಪ.

ನಾನು ಅಷ್ಟರಲ್ಲಿ ಲಿಸ್ಟ್ ಜೇಬಿಗೆ ತುರುಕಿ ಬೀದಿಯಲ್ಲಿದ್ದೆ.

*

ಬೈಕ್ ಹಳೆಯದು. ಪಿಳ್ಳಪ್ಪನ ಕೈಯಲ್ಲಿ ಮೆಟಡಾರ್ ವ್ಯಾನು.

ಊರು ದಾಟಿ ಎರಡು ಮೈಲಿಗೆ ಕನ್ನಡಿಯಲ್ಲಿ ಕಂಡ. ಮೂರನೆಯ ಮೈಲಿಗೆ ಪಕ್ಕಕ್ಕೇ ಬಂದ.

“ನಿಲ್ಸೋ ಆವಲಪ್ಪಣ್ಣ. ಸುಮ್ನೆ ಕಾಗದ ಕೊಟ್ಬಿಡು, ಇಬ್ರೂ ಟೀ ಕುಡ್ಯಣ.”

“ಬಿಲ್ಲು ನೀನೇ ಕೊಡ್ತೀಯಾ?”

ವ್ಯಾನಿನಿಂದ ಒತ್ತಿದ. ನನ್ನ ಮೊಣಕಾಲು ತಗಡಿಗೆ ಉಜ್ಜಿತು. ರಸ್ತೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ಇಳಿದೆ. ಕಡ್ಡಿಗಳು ಮುಖಕ್ಕೆ ಬಾರಿಸಿದವು. ಕಾಲುವೆ ಹಾರಿ ಮತ್ತೆ ರಸ್ತೆ ಹತ್ತಿದೆ. ಹಲ್ಲೊಂದು ಅಲುಗುತ್ತಿತ್ತು.

ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ಬಿಡುವ ಹೊತ್ತು. ಗಾಡಿ, ಗೂಡು ತುಂಬಿದ ಮಂಕರಿ, ಜನ. ಬೈಕಿಗೆ ಸಂದು ಸಿಕ್ಕಿತು, ವ್ಯಾನಿಗೆ ಸಿಗಲಿಲ್ಲ. ಪಿಳ್ಳಪ್ಪನ ಹಾರ್ನ್ ಹಿಂದೆ ಹಿಂದೆ ಉಳಿಯಿತು.

ಪೊಲೀಸ್ ಠಾಣೆಯ ಮುಂದೆ ಒಂದು ನಿಮಿಷ ನಿಂತೆ.

“ಬಾಯ್ಲರ್ ಸಿಡೀತದೆ ಅಂತೀಯ. ಸಿಡಿದಿದ್ಯಾ?” ಅಂದ ಬಾಗಿಲಲ್ಲಿದ್ದ ಪೇದೆ.

“ಇಲ್ಲ.”

“ಮತ್ತೆ ಕಂಪ್ಲೇಂಟ್ ಏನಂತ ಬರ್ಕೊಳ್ಳಲಿ?”

ಬೈಕ್ ಒದ್ದು ಹೊರಟೆ.

ದಿಬ್ಬೂರಹಳ್ಳಿ ಮುಟ್ಟಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ.

ಹೊಸ ಶೆಡ್ಡು. ಮಾವಿನ ತೋರಣ. ಎಂಟು ಬೇಸನ್ ಮುಂದೆ ಎಂಟು ಹೆಂಗಸರು, ಹೊಸ ಕುಂಕುಮ ಇಟ್ಟುಕೊಂಡು, ಗೂಡು ತುಂಬಿದ ಬುಟ್ಟಿ ಹಿಡಿದು ಸಾಲಾಗಿ ಕೂತಿದ್ದರು. ಅವರ ಬೆನ್ನ ಹಿಂದೆ ಬಾಯ್ಲರ್. ಹೂವಿನ ಹಾರದ ನಡುವೆ ಗೇಜು. ಮುಳ್ಳು ಕೆಂಪು ಗೆರೆ ದಾಟಿ ಎರಡು ಬೆರಳು ಮುಂದೆ ನಡುಗುತ್ತಿತ್ತು.

ಅದರ ತಗಡು ಹಾಡುತ್ತಿತ್ತು ಸ್ವಾಮಿ. ಸಣ್ಣಗೆ.

“ಎಲ್ರೂ ಈಚೆಗೆ ಬನ್ನಿ,” ಅಂತ ಕೂಗಿದೆ.

ಯಾರೂ ಅಲುಗಲಿಲ್ಲ. ಆದಿಲಕ್ಷ್ಮಮ್ಮ ಬಂದಳು. ಐವತ್ತರ ಹೆಂಗಸು, ದಪ್ಪ ದನಿ. ನನ್ನ ರಕ್ತ ಸೋರುವ ಬಾಯಿ ನೋಡಿದಳು.

“ಏಮಪ್ಪಾ ಆವಲಪ್ಪ, ಬೆಳಗ್ಗೇನೇ ಕುಡ್ಕೊಂಡು ಬಂದಿದ್ದೀಯಾ? ನೀನೇ ಕೊಡ್ಸಿದ ಮಿಷನ್ನು. ಕೂತ್ಕೊ, ಪಾಯಸ ಕುಡಿ.”

“ಆವಿ ಬಿಡಮ್ಮ. ಈಗ್ಲೇ. ವಾಲ್ವ್ ಇಲ್ಲ ಅದಕ್ಕೆ.”

“ರಾಹುಕಾಲ ಇನ್ನೂ ಇಪ್ಪತ್ತು ನಿಮಿಷ ಅದೆ. ನನ್ನ ಹೆಸರಲ್ಲಿ ಮೊದಲನೇ ಸಲ ಒಂದು ಆಸ್ತಿ ಆಗ್ತಾ ಅದೆ. ರಾಹುಕಾಲದಲ್ಲಿ ಶುರು ಮಾಡು ಅಂತೀಯಾ?”

ಅವಳನ್ನು ತಳ್ಳಿ ಒಲೆಯ ಕಡೆ ನುಗ್ಗಿದೆ.

ಒಲೆಯ ಮುಂದೆ ಪಿಳ್ಳಪ್ಪ ನಿಂತಿದ್ದ. ಮೇಜಿನ ಮೇಲಿದ್ದ ಕಾರ್ಡು ಅವನೂ ನೋಡಿದ್ದ; ಮಾರುಕಟ್ಟೆ ದಾಟಿ ನನ್ನ ಬೆನ್ನಿಗೇ ಹಿಂದಿನ ಬಾಗಿಲಿಂದ ಬಂದಿದ್ದ. ಕೈಯಲ್ಲಿ ಜಾಕಿಯ ರಾಡು.

“ಲಿಸ್ಟು.”

“ನಿನ್ನ ಬೆನ್ನ ಹಿಂದೆ ಏನಿದೆ ನೋಡೋ ಪಿಳ್ಳಪ್ಪ. ಮುಳ್ಳು ನೋಡು.”

“ನಂಗೆ ಅದೆಲ್ಲ ಗೊತ್ತಾಗಲ್ಲ. ಓನರ್ ಹೇಳಿದ್ದು ಲಿಸ್ಟು.”

“ಸಿಡಿದ್ರೆ ನೀನೂ ಸಾಯ್ತೀಯ.”

“ಲಿಸ್ಟು ಕೊಡು. ಆಮೇಲೆ ಏನಾದ್ರೂ ಮಾಡ್ಕೊ.”

ಅವನನ್ನು ಹೊಡೆದು ಬೀಳಿಸಲು ಐದು ನಿಮಿಷವಾದರೂ ಬೇಕು. ಅದೂ ಬಿದ್ದರೆ. ಮುಳ್ಳು ಇನ್ನೊಂದು ಕೂದಲೆಳೆ ಸರಿಯಿತು.

ಇಲ್ಲಿ ಎಂಟು ಹೆಂಗಸರು, ಕಣ್ಣೆದುರು. ಕಾಗದದಲ್ಲಿ ಇನ್ನೂ ಹದಿನೈದು ಊರು, ಹದಿನೈದು ಶೆಡ್ಡು.

ಕಾಗದ ಕೊಟ್ಟೆ.

ಪಿಳ್ಳಪ್ಪ ಬಿಚ್ಚಿಯೂ ನೋಡಲಿಲ್ಲ. ತಿರುಗಿ ಒಲೆಯೊಳಗೆ ಹಾಕಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಾತಿಗೆ ತಪ್ಪುವವನಲ್ಲ.

ಕೊಕ್ಕೆ ಸಿಗಲಿಲ್ಲ. ಉರಿಯುವ ಹುಣಸೆ ಕೊರಡುಗಳನ್ನು ಕೈಯಿಂದಲೇ ಹೊರಗೆಳೆದೆ. ಆಮೇಲೆ ಆವಿಯ ಕೊಳವೆಗಳಿಗೆ ಓಡಿದೆ. ಒಂದು, ಎರಡು, ಮೂರು... ಎಂಟೂ ತಿರುಗಿಸಿದೆ. ಶೆಡ್ಡು ಬಿಳಿ ಹೊಗೆಯಾಯಿತು. ಹೆಂಗಸರು ಚೀರುತ್ತಾ ಹೊರಗೋಡಿದರು. ಅಂಗೈಯ ಚರ್ಮ ಕೊಳವೆಗೆ ಅಂಟಿಕೊಂಡಿತ್ತು.

ಮುಳ್ಳು ಇಳಿಯಿತು. ನಿಧಾನವಾಗಿ. ಕೆಂಪು ಗೆರೆಯ ಕೆಳಗೆ.

ಆದಿಲಕ್ಷ್ಮಮ್ಮ ಬಂದು ನನ್ನ ಕಪಾಳಕ್ಕೆ ಬಾರಿಸಿದಳು. “ರಾಹುಕಾಲದಲ್ಲೇ ಬಿಟ್ಯಲ್ಲೋ, ಮನೆಹಾಳ.” ಅಲುಗುತ್ತಿದ್ದ ಹಲ್ಲು ಬಿತ್ತು. ಎಂಟು ಹೆಂಗಸರೂ ಸರದಿಯ ಮೇಲೆ ಬೈದರು. ಕೂತು ಪೂರ್ತಿ ಕೇಳಿದೆ. ಎಣಿಸಿದೆ, ಎಂಟು ದನಿಯೂ ಇದ್ದವು.

*

ಮೊದಲು ಚಿಂತಾಮಣಿಗೆ ಹೋದೆ. ವೆಂಕಟೇಶ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ.

“ಒರೆಸ್ಬಿಟ್ಟೆ ಅಣ್ಣ. ಓನರ್ರು ಪಕ್ಕದಲ್ಲೇ ನಿಂತಿದ್ರು.”

“ಹೆಸರು ನೆನಪಿದ್ಯಾ?”

“ಒಂದೂ ಇಲ್ಲ. ನೆನಪಿಟ್ಕೊಳ್ಳೋ ಕೆಲ್ಸ ಬೇಡ ಅಂತಾನೇ ಅಲ್ವಾ ಅಣ್ಣ ಕಂಪ್ಯೂಟರ್ ತಂದಿದ್ದು?”

ಅವನಿಗೆ ಹೊಡೆಯಬೇಕು ಅನ್ನಿಸಿತು. ಕೈಗೆ ಬಟ್ಟೆ ಸುತ್ತಿತ್ತು.

ಸಾಲ ಕೊಟ್ಟವರನ್ನು ಕೇಳಿದೆ. ಪಾರ್ಟಿಗಳ ಹೆಸರು ಹೊರಗಿನವರಿಗೆ ಹೇಳುವಂತಿಲ್ಲ ಅಂದರು. ಠಾಣೆಯಲ್ಲಿ ಲಿಸ್ಟ್ ತಾ ಅಂದರು. ನಾನು ತಿರುಗಿದ ಊರುಗಳಿಗೇ ಮತ್ತೆ ತಿರುಗಿದೆ. ಆದರೆ ನನ್ನ ಮಾತು ಕೇಳಿದವರೆಲ್ಲ ಕೊಟೇಷನ್ ತೆಗೆದುಕೊಂಡವರಲ್ಲ, ತೆಗೆದುಕೊಂಡವರೆಲ್ಲ ನನ್ನ ಮಾತು ಕೇಳಿದವರೂ ಅಲ್ಲ. ಹೊಗೆ ಕಂಡ ಕಡೆ ಬೈಕ್ ನಿಲ್ಲಿಸಿದೆ. ಬಾಯ್ಲರ್ ಯಾರ ಹೆಸರಲ್ಲಿದೆ ತಾಯಿ, ಅಂತ ಕೇಳಿದೆ. ನಾಯಿ ಬಿಟ್ಟರು.

ಮೂರು ತಿಂಗಳಲ್ಲಿ ಎಂಟು ಸಿಕ್ಕವು. ಐದು ಕಡೆ ವಾಲ್ವ್ ಹಾಕಿಸಿಕೊಂಡರು. ಮೂರು ಕಡೆ, ಇಷ್ಟು ದಿನ ಏನೂ ಆಗಿಲ್ಲವಲ್ಲ ಅಂತ ನಕ್ಕರು.

ಗಂಗುಲಮ್ಮ ಹೆಬ್ಬೆಟ್ಟು ಒತ್ತಿದಳು. ಕಾಗದ ಹಿಡಿದು ಹೋದವನು ಬೇರೆ ಯಾರೋ. ಒತ್ತಿದರೆ ಕೇಸಿಲ್ಲ, ಒತ್ತದಿದ್ದರೆ ಮಾಲೀಕಳು ಅಂತ ಕೇಸು ನಿನ್ನ ಮೇಲೇ ಅಂತ ಹೆದರಿಸಿದರಂತೆ. ಹೇಗಿದ್ದರೂ ತಪ್ಪು ಅವಳದೇ, ಈಗ ಬರವಣಿಗೆಯಲ್ಲಿದೆ.

ಬಯ್ಯಪ್ಪ ಹೊಸ ಪ್ರಿಂಟರ್ ತಂದಿದ್ದಾನೆ. ಕೊಟೇಷನ್‌ನಲ್ಲಿ ಈಗ ಸೇಫ್ಟಿ ವಾಲ್ವ್ ಬೇರೆ ಸಾಲು, ಬೇರೆ ರೇಟು. ಬೇಕಾದವರು ತೆಗೆದುಕೊಳ್ಳಬಹುದು.

ಯಾರೋ ಹೇಳಿದ ಹೆಸರು ಹಿಡಿದು, ಒಂಬತ್ತನೆಯದನ್ನು ಹುಡುಕುತ್ತಾ ಗೌರಿಬಿದನೂರು ತಾಲೂಕಿಗೆ ಹೋದೆ. ತೊಂಡೇಬಾವಿ ಸ್ಟೇಷನ್ನಿನ ಮುಂದೆ ಬೈಕ್ ನಿಲ್ಲಿಸಿ, ಶ್ರೀಮತಿ ವರಲಕ್ಷ್ಮಮ್ಮನ ಶೆಡ್ಡು ಎಲ್ಲಿ ಅಂತ ಟೀ ಅಂಗಡಿಯವನನ್ನು ಕೇಳಿದೆ. ಅವನು ಕೈ ಎತ್ತಿ ದಾರಿ ತೋರಿಸುವ ಮೊದಲೇ ಊರಾಚೆ ಏನೋ ಸಿಡಿದು ನೆಲ ನಡುಗಿತು. ಗ್ಲಾಸುಗಳು ಮೇಜಿನಿಂದ ಉರುಳಿದವು.

ಇನ್ನೂ ಆರು ಉಳಿದಿವೆ. ಎಲ್ಲಿ ಅಂತ ಈಗ ಯಾರನ್ನೂ ಕೇಳುವುದಿಲ್ಲ ಸ್ವಾಮಿ. ಸಮಯ ಬಂದಾಗ ಅವೇ ಹೇಳುತ್ತವೆ.