ಗಂಗುಲಮ್ಮ ನೋಡದ ಪ್ರದರ್ಶನ

"ಒಳಗೆ ಬರಬೇಡಿ!"

ಶಿಡ್ಲಘಟ್ಟದ ಹಳೇ ರೇಷ್ಮೆ ಪ್ರದರ್ಶನ ಭವನದ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ ಸಂಘಮಿತ್ರ ಅಲ್ಲೇ ನಿಂತಳು. ಮುಖ ಕೆಂಪಾಯಿತು. ಅವಳ ಮನೆಯವರು ತಲೆಮಾರುಗಳಿಂದ ಕೇಳಿ ಕೇಳಿ ಸಾಕಾಗಿದ್ದ ಮಾತು ಅದು!

"ಯಾಕ್ರೀ ಬರಬಾರ್ದು? ಯಾರ್ರೀ ನೀವು ಹೇಳೋಕೆ?"

ಉತ್ತರ ಕೊಟ್ಟಿದ್ದು ಮಾಡಿನ ಹೆಂಚು. ಅವಳಿಂದ ಎರಡೇ ಅಡಿ ದೂರದಲ್ಲಿ ಧಡಾರನೆ ಬಿದ್ದು ಪುಡಿಪುಡಿಯಾಯಿತು.

"ಇದಕ್ಕೇ ರೀ," ಎಂದ ಏಣಿಯ ಮೇಲಿದ್ದವನು. ತಲೆ ತುಂಬ ಸುಣ್ಣ, ಹುಬ್ಬಿನ ಮೇಲೂ ಸುಣ್ಣ. "ನಾನು ಅಚ್ಯುತ್. ಕಟ್ಟಡದ ರಿಪೇರಿ ನಂದು. ನೀವು?"

"ಸಂಘಮಿತ್ರ. ಒಳಗಿನ ಡಿಸೈನ್ ನಂದು."

'ಛೆ! ಬಂದ ದಿನವೇ ಜಗಳ ಮಾಡಿಕೊಂಡೆನಲ್ಲ!' ಎಂದು ನಾಲಿಗೆ ಕಚ್ಚಿಕೊಂಡಳು. ಆದರೆ ಸಾರಿ ಕೇಳಲಿಲ್ಲ. ಅಷ್ಟು ಸುಲಭಕ್ಕೆ ಕೇಳುವ ಹುಡುಗಿಯೇ ಅಲ್ಲ ಅವಳು!

ತೊಂಬತ್ತು ವರ್ಷದ ಕಟ್ಟಡ ಅದು. ಒಂದು ಕಾಲಕ್ಕೆ ಸುತ್ತಮುತ್ತಲ ಊರುಗಳ ಒಳ್ಳೊಳ್ಳೆಯ ರೇಷ್ಮೆಯೆಲ್ಲ ವರ್ಷಕ್ಕೊಮ್ಮೆ ಇಲ್ಲಿ ಮೆರೆಯುತ್ತಿತ್ತು. ಆಮೇಲೆ ಗೋಡೌನ್ ಆಯಿತು, ಕೊನೆಗೆ ಪಾರಿವಾಳಗಳ ಪಾಲಾಯಿತು. ಈಗ ಅದನ್ನು ಮತ್ತೆ ತೆರೆಯಬೇಕು, ಈ ಕಾಲಕ್ಕೆ ತಕ್ಕ ಹಾಗೆ. ಗಾಜಿನ ಕಪಾಟುಗಳು ಸಾಕು. ಜನ ರೇಷ್ಮೆಯನ್ನು ಮುಟ್ಟಿ ನೋಡಬೇಕು, ಶಾಲೆಯ ಮಕ್ಕಳು ಬಂದು ಕಲಿಯಬೇಕು, ನೇಯುವವರು ಇಲ್ಲೇ ಕೂತು ಮಾರಬೇಕು. ಭವನದ ನಟ್ಟನಡುವೆ ಒಂದು ಚರಕ, ಪಕ್ಕದಲ್ಲಿ ಗೂಡು ಬೇಯಿಸುವ ಬಿಸಿನೀರಿನ ಒಲೆ, ಎಲ್ಲರ ಕಣ್ಣೆದುರೇ ನೂಲು ತೆಗೆಯಬೇಕು. ಅದು ಸಂಘಮಿತ್ರಳ ಕನಸು. ಮಂಡಿಕಲ್ಲಿನ ಅವಳ ಅಜ್ಜಿ ಗಂಗುಲಮ್ಮ, ಹರೆಯದಲ್ಲಿ ಹನ್ನೆರಡು ಪ್ರದರ್ಶನಗಳಿಗೆ ಇಲ್ಲೇ ನೂಲು ತೆಗೆದವಳು.

ನಾಲ್ಕು ತಿಂಗಳು ಜೊತೆಗೆ ಕೆಲಸ ಮಾಡಿದರು. ಅವನು ಬಾಗಿಲಿಗೆ ಬಣ್ಣ ಬೇಡ ಎಂದರೆ ಅವಳು ಬೇಕೇ ಬೇಕು ಎನ್ನುವಳು. ಅವಳು ತಡವಾಗಿ ಬಂದ ದಿನ ಅವನ ಟೀ ಆರಿ ತಣ್ಣಗಾಗಿರುತ್ತಿತ್ತು. ಭಾನುವಾರ ಯಾಕೆ ಇಷ್ಟು ಉದ್ದ ಎಂದು ಇಬ್ಬರಿಗೂ ಅನಿಸತೊಡಗಿತು. ಬಾಯಿ ಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ!

ಒಂದು ಮಧ್ಯಾಹ್ನ ಅಚ್ಯುತ್ ಹಿಗ್ಗುತ್ತಾ ಬಂದ.

"ಕಣ್ಣು ಮುಚ್ಚಿ... ಹ್ಞಾಂ, ಈಗ ತೆಗೀರಿ!"

ಮೇಜಿನ ಮೇಲೆ ಹೊಸ ನಕ್ಷೆ, ಪಕ್ಕದಲ್ಲಿ ಒಂದು ಹಳೇ ಫೋಟೋ. ಫೋಟೋದಲ್ಲಿ ಭವನದ ಜಗಲಿ, ಚರಕದ ಮುಂದೆ ಇಪ್ಪತ್ತರ ಗಂಗುಲಮ್ಮ.

"ನಮ್ಮ ತಾತ ಅನಂತರಾಮಯ್ಯ ಪ್ರದರ್ಶನ ಸಮಿತೀಲಿ ಗುಮಾಸ್ತರಾಗಿದ್ರಲ್ಲ, ಅವರ ಟ್ರಂಕಲ್ಲಿ ಸಿಕ್ತು, ಫೋಟೋ ಹಿಂದೆ ನಿಮ್ಮಜ್ಜಿ ಹೆಸರೂ ಇದೆ. ಒಲೆ ಹಬೆಗೆ ಒಳಗಿನ ತೊಲೆಗಳು ಹಾಳಾಗ್ತವೆ. ಅದಕ್ಕೇ ಚರಕಾನ ಜಗಲಿಗೆ ತಂದೆ. ನಿಮ್ಮಜ್ಜಿ ಕೂತಿದ್ದ ಅದೇ ಜಾಗ! ಒಂದಡೀನೂ ಆಚೀಚೆ ಇಲ್ಲ!"

ಸಂಘಮಿತ್ರ ಫೋಟೋ ಕೈಗೆತ್ತಿಕೊಂಡಳು.

"ಅಜ್ಜಿ ಯಾಕೆ ಅಲ್ಲಿ ಕೂತಿದ್ರು, ಗೊತ್ತಾ?"

"ಬೆಳಕು ಚೆನ್ನಾಗಿ ಬರ್ತಿತ್ತು ಅಂತ..."

"ಒಳಗೆ ಬಿಡ್ತಿರಲಿಲ್ಲ, ಅಚ್ಯುತ್! ನಮ್ಮಜ್ಜಿ ತೆಗೆದ ನೂಲು ಒಳಗೆ ಹೋಗ್ತಿತ್ತು. ಅದರ ಬಹುಮಾನ ಒಳಗೆ ಇನ್ಯಾರ ಕೈಗೋ ಹೋಗ್ತಿತ್ತು. ಅಜ್ಜಿ ಮಾತ್ರ ಹೊರಗೆ! ನಿಮ್ಮ ತಾತ ದಿನಾ ಅವರ ಪಕ್ಕದಿಂದಾನೇ ಒಳಗೆ ಹೋಗ್ತಿದ್ರಲ್ಲ, ಹೇಳಲಿಲ್ವಾ?"

ಅಚ್ಯುತನ ಮುಖ ಬಿಳಿಚಿಕೊಂಡಿತು.

"ನಂಗೆ... ಗೊತ್ತಿರಲಿಲ್ಲ."

"ಗೊತ್ತು ಮಾಡ್ಕೊಳ್ಳಲಿಲ್ಲ ನೀವು. ನನ್ನನ್ನ ಒಂದು ಮಾತೂ ಕೇಳಲಿಲ್ಲ."

ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು. ಮಂಡಿಕಲ್ ತಲುಪುವವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಳು. 'ಒಂದು ಚರಕವನ್ನು ಒಳಗಿಡಲು ಯೋಚಿಸದವನು ನಾಳೆ ನನ್ನನ್ನು ಅವನ ಮನೆಯಲ್ಲಿ ಎಲ್ಲಿ ಕೂರಿಸುತ್ತಾನೆ? ಇದು ಪ್ರೀತಿ ಎಂದುಕೊಂಡೆನಲ್ಲ, ನಾನೆಂಥ ದಡ್ಡಿ!'

ಮೂರನೇ ದಿನ ಅಂಗಡಿಯಿಂದ ಮನೆಗೆ ಬಂದಾಗ ಬಾಗಿಲಲ್ಲಿ ಅವನ ಬೈಕು! ಒಳಗೆ ಅಜ್ಜಿಯ ಎದುರು ನೆಲದ ಮೇಲೆ ಕೂತು ಅಚ್ಯುತ್ ಮುದ್ದೆ ಉಪ್ಸಾರು ಉಣ್ಣುತ್ತಿದ್ದ. ಅವಳು ಗೋಡೆಯ ಮರೆಯಲ್ಲೇ ನಿಂತಳು.

"ತಪ್ಪಾಯ್ತು ಅಜ್ಜಿ. ಮಾಡಿನಲ್ಲಿ ಮುಚ್ಚಿಹೋಗಿದ್ದ ಗವಾಕ್ಷಿ ತೆಗೆಸಿದೀನಿ, ಹಬೆ ಮೇಲಕ್ಕೇ ಹೋಗತ್ತೆ. ಚರಕ ನಡುಮಧ್ಯಕ್ಕೇ ಬರತ್ತೆ. ಓಪನಿಂಗ್ ದಿನ ನೀವೇ ಕೂತು ನೂಲು ತೆಗೀಬೇಕು."

ಗಂಗುಲಮ್ಮ ಬೊಚ್ಚುಬಾಯಿ ತುಂಬ ನಕ್ಕಳು.

"ಅಯ್ಯೋ ನಾಯನಾ! ಈ ವಯಸ್ಸಲ್ಲೂ ಕೈ ಸುಟ್ಕೋಬೇಕಾ? ಸಾಕು ಕಣಪ್ಪ! ಹನ್ನೆರಡು ವರ್ಸ ಎಲ್ರೂ ಒಳಕ್ಕೋಗಿ ಆಹಾ ಓಹೋ ಅಂತ ಬರೋರು. ಒಳ್ಗಡೆ ಏನಿತ್ತು ಅಂತ ನಾನು ನೋಡ್ನೇ ಇಲ್ಲ. ನಂಗೆ ನೋಡ್ಬೇಕು. ಚಪ್ಲಿ ಹಾಕ್ಕೊಂಡು, ನಿಧಾನಕ್ಕೆ, ಒಂದೊಂದೇ ನೋಡ್ಬೇಕು."

ಗೋಡೆಯ ಮರೆಯಲ್ಲಿ ಸಂಘಮಿತ್ರ ಹಣೆ ಚಚ್ಚಿಕೊಂಡಳು. ಅಜ್ಜಿಯ ಹೆಸರಲ್ಲಿ ಇಷ್ಟೆಲ್ಲ ಹೋರಾಡಿದಳು, ಅಜ್ಜಿಗೆ ಏನು ಬೇಕೆಂದು ಅವಳೂ ಕೇಳಿರಲಿಲ್ಲ! ಒಳಗೆ ಬಂದು ಅಚ್ಯುತನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವನು ತಲೆಯೆತ್ತಿ ನೋಡಿದ.

ಉದ್ಘಾಟನೆಯ ಬೆಳಿಗ್ಗೆ ಅತಿಥಿಗಳು, ಅಧಿಕಾರಿಗಳು ಎಲ್ಲರೂ ಬಾಗಿಲಲ್ಲಿ ಕಾದರು. ಮೊದಲು ಒಳಗೆ ಹೋದವಳು ಗಂಗುಲಮ್ಮ! ಕಾಲಲ್ಲಿ ಹೊಸ ಚಪ್ಪಲಿ. ಒಂದೊಂದು ಸೀರೆಯನ್ನೂ ಮುಟ್ಟಿದಳು, ವಿಡಿಯೋ ಪರದೆಯ ಮೇಲೆ ಗೂಡು ಕಟ್ಟುತ್ತಿದ್ದ ಹುಳುವಿಗೆ "ಬೇಗ ಕಟ್ಟೋ" ಎಂದು ಗದರಿದಳು. ಮುಕ್ಕಾಲು ಗಂಟೆಯಾದರೂ ಅವಳ ನೋಟ ಮುಗಿಯಲಿಲ್ಲ, ಹಿಂದೆ ನಿಂತವರು ಕಾದೇ ಕಾದರು.

ಕೊನೆಗೆ ಚರಕದ ಮುಂದೆ ನಿಂತಳು. ನೂಲು ತೆಗೆಯುತ್ತಿದ್ದವಳು ಸಂಘಮಿತ್ರ.

"ಎಳೆ ದಪ್ಪ ಬರ್ತೈತೆ ಕಣೇ!"

ಇಡೀ ಭವನ ಗೊಳ್ಳೆಂದು ನಕ್ಕಿತು. ಅಜ್ಜಿ ಸುತ್ತಲೂ ಇನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, "ಚೆನ್ನಾಗೈತೆ," ಎಂದಳು. ಮೊಮ್ಮಗಳ ಎದೆ ಹೆಮ್ಮೆಯಿಂದ ಬಿರಿಯುವಂತಾಯಿತು. ಈ ಒಂದು ಮಾತಿಗಾಗಿ ಇನ್ನೂ ಹತ್ತು ಭವನ ಕಟ್ಟಬಹುದು ಅನಿಸಿತು!

ಸಂಜೆ ಜನ ಕರಗಿದ ಮೇಲೆ ಅಚ್ಯುತ್ ಹತ್ತಿರ ಬಂದ.

"ಕೆಲಸ ಮುಗೀತು. ನಾಳೆಯಿಂದ ನಿನ್ನ ನೋಡೋಕೆ ನೆಪಾನೇ ಇಲ್ಲ. ಅದಕ್ಕೆ ನೇರವಾಗಿ ಹೇಳ್ತಿದೀನಿ, ಸಂಘಮಿತ್ರ... ನಂಗೆ ನೀನು ಬೇಕು. ಮದುವೆ ಆಗೋಣ್ವಾ?"

'ನೀನು' ಎಂದನಲ್ಲ! ಅವಳ ಕೆನ್ನೆ ಬಿಸಿಯಾಯಿತು. ಆದರೆ ಕೇಳಬೇಕಾದ್ದನ್ನು ಕೇಳಲೇಬೇಕಿತ್ತು.

"ನಿಮ್ಮ ಮನೇಲಿ?"

"ಅಪ್ಪ ಅಮ್ಮ ಒಪ್ಪಿದ್ರು. ಸುಳ್ಳು ಹೇಳಲ್ಲ, ನಮ್ಮ ಗೋದಮ್ಮಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ಇವತ್ತು ಬೆಳಿಗ್ಗೆ ತಾವಾಗೇ ಕೇಳಿದ್ರು... 'ಆ ಹುಡುಗಿ ಕಾಫಿ ಕುಡೀತಾಳೋ, ಟೀನೋ?' ಅಂತ."

ಸಂಘಮಿತ್ರಳ ಕಣ್ಣು ತುಂಬಿತು. ಆದರೂ ತಲೆ ಎತ್ತಿಯೇ ಹೇಳಿದಳು.

"ಕಾಫಿ. ಆದರೆ ಹೇಳಿ ನಿಮ್ಮಜ್ಜಿಗೆ... ನಾನು ಅಡುಗೆಮನೇಲೇ ಕೂತು ಕುಡಿಯೋದು."

ಅಚ್ಯುತ್ ಅವಳ ಕೈ ಹಿಡಿದುಕೊಂಡ. ಬಿಸಿನೀರಿಗೆ ಕೆಂಪಾಗಿದ್ದ ಆ ಬೆರಳುಗಳನ್ನು ಮೆಲ್ಲಗೆ ಸವರಿದ.

"ನಮ್ಮ ಅಡುಗೆಮನೆ ಚಿಕ್ಕದು ಕಣೇ. ಇಬ್ಬರು ಕೂತರೆ ಭರ್ತಿ."

"ಹಾಗಾದ್ರೆ ನಾನೂ ನಿಮ್ಮಜ್ಜಿನೂ ಕೂತ್ಕೋತೀವಿ," ಎಂದಳು ಸಂಘಮಿತ್ರ. "ನೀವು ನಿಂತ್ಕೊಳ್ಳಿ!"