ಕೆಡ್ಡಸದ ಒಂದು ಗುಂಡು

ಫೆಬ್ರವರಿ ಹತ್ತರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಉಜ್ವಲ್ ಎಂಬ ಹೋಟೆಲ್ ಮಾಲೀಕ ಠಾಣೆಗೆ ಬಂದು, ತನ್ನ ಲೈಸನ್ಸಿನ ರೈಫಲ್ ಕಳವಾಗಿದೆ ಎಂದು ದೂರು ಕೊಟ್ಟ. ವಯಸ್ಸು ನಲವತ್ತಮೂರು. ಹನ್ನೆರಡು ವರ್ಷ ಮಸ್ಕತ್ತಿನಲ್ಲಿ ಹೋಟೆಲ್ ನಡೆಸಿ ಬಂದವನು ಈಗ ಮೂಡುಬಿದಿರೆಯಲ್ಲಿ ಹೊಸದೊಂದನ್ನು ತೆರೆಯುವ ಗಡಿಬಿಡಿಯಲ್ಲಿದ್ದ. ಸಿದ್ಧಕಟ್ಟೆಯ ಕುಟುಂಬದ ಮನೆಯ ಕಪಾಟಿನಲ್ಲಿದ್ದ ರೈಫಲ್ಲೂ ಇಲ್ಲ, ಜೊತೆಗಿದ್ದ ಮೂರು ತೋಟೆಗಳೂ ಇಲ್ಲ. ಅದನ್ನು ಅಂದೇ ಮಂಗಳೂರಿನ ಕೋವಿ ಅಂಗಡಿಗೆ ಒಯ್ಯಬೇಕಿತ್ತು. ಇನ್ನೆಂದೂ ಗುಂಡು ಹಾರದಂತೆ ಒಳಗಿನ ಸೂಜಿ ತೆಗೆಸಿ, ನಳಿಗೆಗೆ ಬೆಸುಗೆ ಹಾಕಿಸಿ, ಕ್ಯಾಶ್ ಕೌಂಟರಿನ ಹಿಂದಿನ ಗೋಡೆಗೆ ತೂಗುಹಾಕುವುದೆಂದು ನಿಶ್ಚಯವಾಗಿತ್ತು. ಅನುಮತಿ ಪತ್ರವೂ ಕಿಸೆಯಲ್ಲಿತ್ತು.

"ಬಂದವರಿಗೆ ಚೆಂದ ಕಾಣ್ತದೆ ಸರ್," ಎಂದ.

ಎಸ್‌ಐ ಝಕರಿಯಾ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಆ ರೈಫಲ್ಲನ್ನು ಅವರು ಬಲ್ಲರು. ಚುನಾವಣೆ ಬಂತೆಂದರೆ ಸುತ್ತಲಿನ ಲೈಸನ್ಸ್ ಕೋವಿಗಳೆಲ್ಲ ಠಾಣೆಗೆ ಬಂದು ಚೀಟಿ ಕಟ್ಟಿಸಿಕೊಂಡು ಮೂಲೆ ಸೇರುತ್ತವೆ. ಅರ್ಧಕ್ಕರ್ಧ ತುಕ್ಕು ಹಿಡಿದ, ತಂತಿ ಸುತ್ತಿದ ಬಡಪಾಯಿಗಳು. ಅವುಗಳ ನಡುವೆ ಇದೊಂದು ರಾಜಕುಮಾರಿ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಎಸ್ಟೇಟ್ ದೊರೆಯೊಬ್ಬನಿಂದ ಆ ಮನೆಯ ಹಿರಿಯರು ಕೊಂಡದ್ದು. ಮುನ್ನೂರ ಎಪ್ಪತ್ತೈದರ ಬೋರು, ಅಕ್ರೋಟ್ ಮರದ ಹಿಡಿ, ಮೂರು ತಲೆಮಾರಿನ ಕೆನ್ನೆ ತಾಗಿ ತಾಗಿ ಕಪ್ಪಾದ ಒಂದು ಜಾಗ. ಬೋಲ್ಟ್ ಎಳೆದರೆ ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ. ಯಾರೂ ಇಲ್ಲದಾಗ ಝಕರಿಯಾ ಅದನ್ನು ಎರಡು ಸಲ ಹೆಗಲಿಗೆ ಒತ್ತಿ ನೋಡಿದ್ದರು. ಸರಕಾರಿ ಬಂದೂಕಿನಲ್ಲೇ ಆಯುಷ್ಯ ಕಳೆದವನ ಆಸೆ, ತಪ್ಪೇನು?

ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಸಿದ್ಧಕಟ್ಟೆಯಲ್ಲಿ ಪಂಚನಾಮೆ. ಕಪಾಟಿನ ಬೀಗ ಒಡೆದಿರಲಿಲ್ಲ. ರೈಫಲಿನ ಕ್ಯಾನ್ವಾಸ್ ಚೀಲ ನೀಟಾಗಿ ಮಡಚಿ ಇಟ್ಟಿತ್ತು. ನಳಿಗೆ ಒರೆಸುವ ಕಡ್ಡಿ, ಎಣ್ಣೆ ಬಾಟಲಿ ಎರಡೂ ಕಾಣೆ. ಮಾರಿ ತಿನ್ನುವ ಕಳ್ಳನಿಗೆ ಎಣ್ಣೆ ಬಾಟಲಿಯ ಉಸಾಬರಿ ಯಾಕೆ ಎಂದು ಝಕರಿಯಾ ಡೈರಿಯಲ್ಲಿ ಬರೆದುಕೊಂಡರು.

ಉಜ್ವಲನ ತಾಯಿ ಸರಸ, ಎಪ್ಪತ್ತಮೂರು ವರ್ಷ, ಹಾಲಿನ ಸೊಸೈಟಿಯ ನಿರ್ದೇಶಕಿ. ಐವರು ಆಳುಗಳನ್ನು ಕಣ್ಣಲ್ಲೇ ಓಡಿಸುವ ಹೆಂಗಸು. ಬೀಗದ ಕೈ ತನ್ನ ಎಲೆಯಡಿಕೆ ಚೀಲದಲ್ಲಿರುತ್ತದೆ, ಚೀಲ ಎಲ್ಲೆಂದರಲ್ಲಿ ಇರುತ್ತದೆ ಎಂದರು. ಅಕ್ಕಿ ಹುರಿದು, ಪುಡಿಮಾಡಿ, ಬೆಲ್ಲ ತೆಂಗಿನಕಾಯಿ ಬೆರೆಸಿದ ನನ್ನೆರಿಯನ್ನು ಬಾಳೆಲೆಯಲ್ಲಿ ತಂದು ಪೊಲೀಸರ ಮುಂದಿಟ್ಟರು.

ಸಂಶಯ ಯಾರ ಮೇಲೆ ಎಂದು ಕೇಳಿದ್ದೇ ತಡ, ಉಜ್ವಲ್ ಕಮಲಾಕ್ಷನ ಹೆಸರು ಹೇಳಿದ. ಅದಕ್ಕೊಂದು ಕತೆ ಉಂಟು. ಅವರದು ಅಳಿಯಸಂತಾನದ ಮನೆ. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಆ ರೈಫಲ್ ಮಾತ್ರ ಹಳೆಯ ಕಟ್ಟಿನಂತೆ ಮಾವನಿಂದ ಅಳಿಯನಿಗೇ ಹೋಗುತ್ತಿತ್ತು. ಸರಸರ ಅಣ್ಣ ತೀರಿಕೊಂಡಾಗ ಅದು ತಂಗಿಯ ಮಗ ಉಜ್ವಲನಿಗೆ ಬಂತು. ಅಣ್ಣನ ಸ್ವಂತ ಮಗ ಕಮಲಾಕ್ಷ ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಬಿಟ್ಟು ಎದ್ದು ಹೋಗಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಯಾರಿಗೆ ಉರಿಯುವುದಿಲ್ಲ?

ಮಧ್ಯಾಹ್ನ ಮೂರಕ್ಕೆ ಜೀಪು ಬೆಳ್ತಂಗಡಿ ದಾಟಿ ನೆರಿಯ ತಲುಪಿತು. ಕಮಲಾಕ್ಷನಿಗೆ ಅರವತ್ತನಾಲ್ಕು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಚಹಾದ ಲೋಟವನ್ನೂ ಎಡಗೈಯಲ್ಲೇ ಹಿಡಿದಿದ್ದ. ಆದರೂ ಝಕರಿಯಾ ಮನೆ ಹುಡುಕಿಸಿದರು. ಅಂಗಳದ ಆಚೆ ತೆಂಗಿನ ಬುಡವೊಂದನ್ನು ಅಗೆದು ನೋಡಿ ಎಂದಾಗ ಹೆಡ್ ಕಾನ್‌ಸ್ಟೇಬಲ್ ತುಕ್ರಪ್ಪ ಕೈಕಟ್ಟಿ ನಿಂತರು.

"ಇವತ್ತು ಕೆಡ್ಡಸ ಸರ್. ಬೇಕಾದರೆ ಸಸ್ಪೆಂಡ್ ಮಾಡಿ, ನಾನು ಹಾರೆ ಮುಟ್ಟುವುದಿಲ್ಲ."

ಬಂಟ್ವಾಳದ ಪೇಟೆಯಲ್ಲಿ ಬೆಳೆದ ಝಕರಿಯಾರಿಗೆ ಆಗ ನೆನಪಾಯಿತು. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಮಣ್ಣಿಗೆ ಗಾಯ ಮಾಡಬಾರದು, ಹಸಿ ಮರಕ್ಕೆ ಕತ್ತಿ ತಾಗಿಸಬಾರದು. ಹಿಂದೆಲ್ಲ ಗಂಡಸರು ಗದ್ದೆ ಕೆಲಸ ಬಿಟ್ಟು ಬೇಟೆಗೆ ಹೋಗುತ್ತಿದ್ದ ದಿನಗಳೂ ಇವೇ. ಅವರು ನಕ್ಕು ಅಗೆಯುವ ಮಾತು ಬಿಟ್ಟರು.

ಕಮಲಾಕ್ಷನಿಗೂ ನಗು ಬಂತು. ಒಂದು ಕಾಲದಲ್ಲಿ ಆ ಬೆಡಿಗಾಗಿ, ಆ ಕೋವಿಗಾಗಿ ಕೊಲ್ಲುವಷ್ಟು ಸಿಟ್ಟಿತ್ತು, ಈಗ ಬರೀ ಅದರ ಎಣ್ಣೆಯ ವಾಸನೆ ಬೇಕೆನ್ನಿಸುತ್ತದೆ ಎಂದ. ಅಪ್ಪ ತನಗೆ ಅದನ್ನು ಒರೆಸಲು ಕೊಟ್ಟದ್ದೇ ಹೊರತು ಹಿಡಿಯಲು ಕೊಟ್ಟಿರಲಿಲ್ಲವಂತೆ. ಲೋಟ ಕೆಳಗಿಟ್ಟು ಅವನೇ ಹೇಳಿದ:

"ಅಪ್ಪನ ಗುರಿ, ಅಪ್ಪನ ಗುರಿ ಅಂತ ಊರು ಹೊಗಳ್ತಿತ್ತಲ್ಲ? ಅದು ಅಪ್ಪನದ್ದಲ್ಲ."

"ಮತ್ತೆ ಯಾರದ್ದು?"

"ಅದನ್ನು ನಾನು ಹೇಳಬಾರದು. ಮನೆಯ ಮಾತು."

ಮರುದಿನ, ನಡು ಕೆಡ್ಡಸದ ಬೆಳಿಗ್ಗೆ ಆರೂ ಐವತ್ತಕ್ಕೆ ಸಿದ್ಧಕಟ್ಟೆಯಲ್ಲಿ ಒಂದು ಗುಂಡಿನ ಸದ್ದು ಕೇಳಿತು. ಹಾಲು ಕೊಂಡೊಯ್ಯುತ್ತಿದ್ದವರೊಬ್ಬರು ಫೋನ್ ಮಾಡಿದರು. ಏಳೂವರೆಯ ಹೊತ್ತಿಗೆ ಝಕರಿಯಾ, ತುಕ್ರಪ್ಪ, ಮಹಿಳಾ ಪೇದೆ ಪ್ರಾಪ್ತಿ, ಮೂವರೂ ಆ ಮನೆಯ ಹಿಂದಿನ ಪಾಳುಬಿದ್ದ ಕೆಂಪುಕಲ್ಲಿನ ಕೋರೆಯಲ್ಲಿದ್ದರು.

ಕೋರೆಯ ಅಂಚಿನಲ್ಲಿ ತಲೆ ಹೋಗಿ ಒಣಗಿದ ತೆಂಗಿನ ಮರವೊಂದು ನಿಂತಿತ್ತು. ಅದರ ಮೇಲೆ ರೂಪಾಯಿ ಅಗಲದ ಸುಣ್ಣದ ಬೊಟ್ಟು. ಬೊಟ್ಟಿನ ಅಂಚಿಗೆ ಗುಂಡಿನ ತೂತು. ಗುಂಡು ಮರದೊಳಗೇ ಕೂತಿತ್ತು. ಹೊಡೆದವರು ನಿಂತ ಜಾಗದಲ್ಲಿ ಮೂರು ತೋಟೆಗಳು ಸಾಲಾಗಿ ಬಿದ್ದಿದ್ದವು. ಎರಡರ ಬುಡಕ್ಕೆ ಸೂಜಿ ಬಡಿದ ಗುರುತಿತ್ತು, ಸಿಡಿದಿರಲಿಲ್ಲ. ಹಳೆಯ ಮದ್ದು, ಸತ್ತುಹೋಗಿತ್ತು. ಮೂರನೆಯದು ಖಾಲಿ. ಪ್ರಾಪ್ತಿ ಟೇಪು ಹಿಡಿದು ಅಳೆದರೆ ಅರವತ್ತೆರಡು ಮೀಟರು. ನೆಲದಲ್ಲಿ ಸಣ್ಣ ಪಾದದ ಚಪ್ಪಲಿ ಗುರುತು. ಒರಗಲು ಕಲ್ಲಿಲ್ಲ, ಕೋಲಿಲ್ಲ. ನಿಂತೇ ಹೊಡೆದದ್ದು.

"ಎರಡು ತೋಟೆ ಕೈಕೊಟ್ಟ ಮೇಲೂ ಈ ಗುರಿಯಾ ಮಾರಾಯ್ರೆ," ಎಂದು ತುಕ್ರಪ್ಪ ಬಾಯಿಗೆ ಕೈ ಇಟ್ಟುಕೊಂಡರು.

ಝಕರಿಯಾ ಸುತ್ತಲೂ ನೋಡಿದರು. ಪಕ್ಕದಲ್ಲೇ ಎತ್ತರದ ಮಣ್ಣಿನ ದರೆ ಇತ್ತು. ಬುದ್ಧಿಯಿದ್ದ ಯಾರೂ ಗುರಿ ಇಡುವುದು ಅಲ್ಲಿಗೇ. ಎದುರಿಗೆ ದಪ್ಪ ಹಲಸಿನ ಮರವೂ ಇತ್ತು. ಎರಡನ್ನೂ ಬಿಟ್ಟು ಈ ಸತ್ತ ಮರವನ್ನೇ ಹುಡುಕಿದ್ದು ಯಾಕೆ? ಮಣ್ಣಿಗೂ ನೋವಾಗಬಾರದು, ಹಸಿಮರಕ್ಕೂ ತಾಗಬಾರದು ಎಂದಲ್ಲವೇ. ಕಳ್ಳತನ ಮಾಡುವಾಗಲೂ ಕೆಡ್ಡಸದ ನೇಮ ತಪ್ಪದವರು, ಚೀಲ ಮಡಚಿಟ್ಟವರು, ಬೀಗದ ಕೈಯೂ ಎಲೆಗೆ ಹಚ್ಚುವ ಸುಣ್ಣವೂ ಒಂದೇ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡವರು. ಕಮಲಾಕ್ಷ ಬಾಯಿಬಿಡದೆ ಉಳಿಸಿಕೊಂಡ ಹೆಸರೂ ಅದೇ. ಝಕರಿಯಾರಿಗೆ ಸಂತೋಷವಾಗಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ಆ ಕೇಸು ಬೇರೆ ಯಾರ ಪಾಲಿಗಾದರೂ ಬರಬಾರದಿತ್ತೇ ಎನ್ನಿಸಿತು.

ಮನೆಗೆ ಹೋದಾಗ ಎಂಟೂ ಹತ್ತು. ಸರಸ ಬಚ್ಚಲಿನ ಮುಂದೆ ಕುಳಿತು ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಹಳೆಯ ಮದ್ದಿನ ಉಪ್ಪು ಉಳಿದರೆ ನಳಿಗೆ ತಿಂದುಹಾಕುತ್ತದೆ ಎಂದು ಬಲ್ಲವರು ಈಗ ಜಿಲ್ಲೆಯಲ್ಲೇ ನಾಲ್ಕು ಜನ ಇದ್ದಾರೋ ಇಲ್ಲವೋ. ಪೊಲೀಸರನ್ನು ಕಂಡು ಅವರು ಅವಸರಪಡಲಿಲ್ಲ. ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ರೈಫಲ್ಲನ್ನು ಎರಡೂ ಕೈಯಲ್ಲಿ ಝಕರಿಯಾರಿಗೆ ಕೊಟ್ಟರು.

ಕೇಳಿದ್ದಕ್ಕೆಲ್ಲ ಉತ್ತರ ಬಂತು. ತನ್ನ ಹದಿನಾಲ್ಕನೆಯ ವಯಸ್ಸಿಗೆ ಅಣ್ಣ ತಮಾಷೆಗೆ ಕೈಗೆ ಕೊಟ್ಟದ್ದು; ಮೊದಲ ಗುಂಡಿಗೇ ತೆಂಗಿನ ಗರಟೆ ಚೂರಾಯಿತು. ಅಣ್ಣನ ಕಣ್ಣು ಮಂದ. ಗದ್ದೆಗೆ ನುಗ್ಗುವ ಹಂದಿಗಳಿಗೆ ಗುಂಡಿಟ್ಟದ್ದು ಐದು ವರ್ಷ ತಂಗಿ, ಹೆಸರಾದದ್ದು ಅಣ್ಣ. ಹತ್ತೊಂಬತ್ತಕ್ಕೆ ಸಂಬಂಧ ಕುದುರಿತು. ಬೆಡಿ ಹಿಡಿಯುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಅಣ್ಣ ಅದನ್ನು ಒಳಗಿಟ್ಟ. ಆಮೇಲೆ ಬೇಟೆಗೇ ನಿಷೇಧ ಬಂತು. ಐವತ್ತನಾಲ್ಕು ವರ್ಷ ಬೀಗದ ಕೈ ಮಾತ್ರ ಅವರ ಬಳಿ. ತನ್ನ ಹೊಟ್ಟೆಯ ಮೂಲಕ ಅದು ಅಣ್ಣನಿಂದ ಮಗನಿಗೆ ದಾಟಿತು, ತನಗೆ ಮಾತ್ರ ಬರಲಿಲ್ಲ ಎಂದರು.

"ಮಗನಲ್ಲಿ ಕೇಳಬಹುದಿತ್ತಲ್ಲ ಅಮ್ಮ?"

"ಕೇಳಿದೆ. ಈ ವಯಸ್ಸಿಗೆ ಹುಚ್ಚಾ ಅಂತ ನಗಾಡಿದ. ಬೆಸುಗೆ ಹಾಕಿಸಿದ ಮೇಲೆ ಅದು ಮತ್ತೆ ಮಾತಾಡ್ತದಾ? ನಾನಾದರೂ ಇನ್ನೆಷ್ಟು ದಿನ? ಆಸೆ ತಡೆಯಲಿಕ್ಕಾಗಲಿಲ್ಲ."

ಅಷ್ಟರಲ್ಲಿ ಉಜ್ವಲ್ ಓಡಿ ಬಂದ. ತಾಯಿಯ ಮುಖ ನೋಡಿ ಅವನಿಗೆ ಎಲ್ಲ ಅರ್ಥವಾಯಿತು, ಹುಡುಗನಂತೆ ಅತ್ತ. ಝಕರಿಯಾರನ್ನು ಅಂಗಳಕ್ಕೆ ಕರೆದು ಒಂದು ದಾರಿ ತೋರಿಸಿದ. ಲೈಸನ್ಸ್ ತನ್ನದು, ಬೇರೆ ಕಡೆ ಇಟ್ಟು ಮರೆತು ದೂರು ಕೊಟ್ಟೆ, ಸಿಕ್ಕಿದ ಮೇಲೆ ಪರೀಕ್ಷೆಗೆಂದು ನಾನೇ ಒಂದು ಗುಂಡು ಹೊಡೆದೆ ಎಂದು ಬರೆದುಬಿಟ್ಟರೆ ಅಮ್ಮ ಕೋರ್ಟು ಹತ್ತಬೇಕಿಲ್ಲ. ಸುಳ್ಳು ದೂರಿನ ತಪ್ಪು ತನ್ನ ಮೇಲಿರಲಿ ಎಂದ. ಝಕರಿಯಾ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಅವರಿಗೂ ತಾಯಿ ಇದ್ದಾರೆ.

ಬಾಗಿಲಲ್ಲಿ ನಿಂತಿದ್ದ ಸರಸರಿಗೆ ಎಲ್ಲವೂ ಕೇಳಿಸಿತ್ತು.

"ಅದು ಬೇಡ," ಎಂದರು. "ಅಷ್ಟು ಕಾಲ ಅಣ್ಣನ ಹೆಸರು, ಈಗ ಮಗನ ಹೆಸರಾ? ಹೊಡೆದದ್ದು ನಾನು. ನನ್ನ ಹೆಸರು ಬರೆಯಿರಿ."

"ಕೇಸಾಗ್ತದೆ ಅಮ್ಮ. ಲೈಸನ್ಸ್ ಇಲ್ಲದೆ ಗುಂಡು ಹಾರಿಸಿದ್ದು. ಸಣ್ಣದಲ್ಲ."

"ಆಗಲಿ."

ಜಗಲಿಯ ಮೇಲೆ ಕುಳಿತು ಝಕರಿಯಾ ಹೇಳಿಕೆ ಬರೆದುಕೊಂಡರು. ರೈಫಲ್, ಎರಡು ಸಿಡಿಯದ ತೋಟೆ, ಒಂದು ಖಾಲಿ ತೋಟೆ ಜಪ್ತಿಯಾದವು. ಹನ್ನೊಂದೂ ಐದಕ್ಕೆ ಪ್ರಾಪ್ತಿಯ ಸಮ್ಮುಖದಲ್ಲಿ ದಸ್ತಗಿರಿಯಾಯಿತು. ಮಧ್ಯಾಹ್ನ ಬಂಟ್ವಾಳದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ವಯಸ್ಸು ನೋಡಿ ಜಾಮೀನು ಸಿಗಬಹುದು ಎಂದು ತುಕ್ರಪ್ಪ ಉಜ್ವಲನಿಗೆ ಸಮಾಧಾನ ಹೇಳುತ್ತಿದ್ದರು.

ಸಹಿ ಹಾಕುವ ಮೊದಲು ನಿಯಮದಂತೆ ಹೇಳಿಕೆಯನ್ನು ಓದಿ ಹೇಳಬೇಕು. ಝಕರಿಯಾ ಓದುತ್ತ ಹೋದರು. ಒಂದು ಕಡೆ ಸರಸ ಕೈ ಎತ್ತಿ ತಡೆದರು. ಏನಾದರೂ ತಪ್ಪಾಗಿದೆಯೇ ಎಂದು ಝಕರಿಯಾ ಕೇಳಿದರು.

"ತಪ್ಪಿಲ್ಲ. ಆ ಸಾಲು ಇನ್ನೊಂದು ಸಲ ಓದಿ."

ಝಕರಿಯಾ ದನಿ ಏರಿಸಿ, ಅಂಗಳದಲ್ಲಿ ನಿಂತ ಆಳುಗಳಿಗೂ ಕೇಳುವ ಹಾಗೆ ಓದಿದರು: "ಅರವತ್ತೆರಡು ಮೀಟರ್ ದೂರದಿಂದ, ನಿಂತುಕೊಂಡು, ಸದರಿ ಗುಂಡನ್ನು ಹಾರಿಸಿದವರು ಸರಸ."