ಮಸಿ ಬಳಿದ ಮೂರು ಡಿಸ್ಕುಗಳು

೨೦೦೫ರ ಆಗಸ್ಟ್ ೧೧, ಗುರುವಾರ, ಬೆಳಗ್ಗೆ ಒಂಬತ್ತೂವರೆ. ಪುಯೆರ್ತೊ ಗಾರ್ಸಾ ಠಾಣೆಯ ಇನ್ಸ್‌ಪೆಕ್ಟರ್ ವಿಲ್ಫ್ರಿದೊ ಆಲ್ತಮಾರ್ ಕಾಫಿ ಲೋಟಕ್ಕೆ ಇನ್ನೇನು ತುಟಿ ತಾಗಿಸಬೇಕು, ಅಷ್ಟರಲ್ಲಿ ಅನೀಬಲ್ ಕಸ್ಸಿಯಾನಿ ಬಾಗಿಲು ದೂಡಿಕೊಂಡು ಒಳಗೆ ಬಂದ.

ಅನೀಬಲ್ ಎಂದರೆ 'ಸಿಡುಕು ಮೊಸಳೆ'ಯ ಒಡೆಯ. ಸಿಡುಕು ಮೊಸಳೆ ಎಂದರೆ ಅವನ ಪಿಕೋ: ಆಳೆತ್ತರಕ್ಕೆ ಪೇರಿಸಿದ ಸ್ಪೀಕರುಗಳ ಗೋಡೆ, ಅದರ ತುಂಬ ಹಲ್ಲು ಕಿರಿದ ಮೊಸಳೆಯ ಚಿತ್ರ. ಪ್ರತಿ ಶನಿವಾರ ಸಂಜೆ ಅದು ಬಾಯಿ ತೆರೆದರೆ ನದಿಯ ಆಚೆ ದಡದ ಹಸುಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು.

"ಕಳ್ಳತನ ಆಗಿದೆ, ಇನ್ಸ್‌ಪೆಕ್ಟ್ರೇ. ಬರ್ಕೊಳ್ಳಿ."

"ಏನು ಹೋಗಿದೆ?"

"ಮೂರು ಡಿಸ್ಕು."

"ಹಾಡಿಂದಾ?"

"ಅಲ್ಲ. ಹೊಸ ಕಂಪ್ಯೂಟರ್ ತಗೊಂಡಾಗ ಡಬ್ಬದೊಳಗೇ ಬಂದಿದ್ವಲ್ಲ, ಅವು. ಮಷೀನ್ ಸತ್ರೆ ಮತ್ತೆ ಎಬ್ಬಿಸೋವು. ನಿನ್ನೆ ಅದು ನೀಲಿ ಮುಖ ತೋರಿಸಿ ಮಲ್ಕೊಂಡ್ಬಿಡ್ತು. ಡಿಸ್ಕು ಹುಡುಕ್ತೀನಿ, ಇಲ್ಲ!"

"ಅಂಗಡೀಲಿ ಬೇರೆ ಸಿಗಲ್ವಾ?"

"ರಿಪೇರಿ ಅಂಗಡಿ ಮಾರ್ಬೆಲ್ ವಿಚಾರಿಸಿದ್ಲು. ತರಿಸೋಕೆ ತಿಂಗಳಾಗುತ್ತಂತೆ. ನಾಡಿದ್ದು ಶನಿವಾರ ನನ್ನ ಕುಣಿತ! ಆ ಹಾಡು ಒಳಗೇ ಸಿಕ್ಕಾಕ್ಕೊಂಡಿದೆ."

ಆ ಹಾಡು ಯಾವುದು ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಬೇರೆ ಯಾವ ಪಿಕೋದಲ್ಲೂ ಇಲ್ಲದ, ಒಂದೇ ಒಂದು ಪ್ರತಿಯ ಹಾಡು. ಅದು ಮೊಳಗಿದರೆ ಸಿಡುಕು ಮೊಸಳೆ ರಾಜ, ಇಲ್ಲದಿದ್ದರೆ ಅದು ಬರೀ ಬಣ್ಣ ಬಳಿದ ಹಲಗೆ.

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ಪೇದೆ ನೆಲ್ವಿಸ್ ಪೆರ್ತುಸ್‌ಳೂ ಅನೀಬಲನ ಮನೆಯಲ್ಲಿ ಪಂಚನಾಮೆಗೆ ನಿಂತರು. ನೆಲ್ವಿಸ್‌ಳದ್ದು ಚುರುಕು ಕಣ್ಣು, ಅದಕ್ಕಿಂತ ಚುರುಕು ನಾಲಗೆ.

ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಊಟದ ಮೇಜಿನ ಪಕ್ಕದ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬವಿತ್ತು. ಹೋದ ಮೂರೂ ಇದ್ದದ್ದು ಅದರಲ್ಲೇ; ಜೊತೆಗಿದ್ದ, ಎಲ್ಲ ಅಂಗಡಿಯಲ್ಲೂ ಸಿಗುವ ಹಾಡುಗಳ ಇಪ್ಪತ್ತರ ಮೇಲೆ ಡಿಸ್ಕುಗಳು ಹಾಗೇ ಇದ್ದವು.

"ಇಷ್ಟೆಲ್ಲ ಬಿಟ್ಟು ಆ ಮೂರೇ ಯಾಕೆ?" ಇನ್ಸ್‌ಪೆಕ್ಟರ್ ಕೇಳಿದರು. "ಹೇಗಿದ್ವು ಅವು?"

"ಕಪ್ಪಗೆ."

"ಕಂಪ್ಯೂಟರ್ ಡಿಸ್ಕು ಕಪ್ಪಗಿರುತ್ತಾ?"

ಅನೀಬಲ್ ಕತ್ತು ಕೆರೆದುಕೊಂಡ. "ನಾನೇ ಮಸಿ ಬಳ್ದೆ. ಮೇಲಿದ್ದ ಹೆಸರು ಯಾರಿಗೂ ಕಾಣ್ಬಾರ್ದು ಅಂತ."

ನೆಲ್ವಿಸ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಪಿಕೋದವರ ಜಾಯಮಾನವೇ ಅದು. ಕೈಗೆ ಅಪರೂಪದ ಹಾಡು ಸಿಕ್ಕರೆ ಮೊದಲು ಅದರ ಹೆಸರು ಅಳಿಸುತ್ತಾರೆ, ಎದುರಾಳಿ ಅದೇ ಹಾಡನ್ನು ಹುಡುಕಿಕೊಂಡು ಹೋಗಬಾರದಲ್ಲ! ಆದರೆ ಕಂಪ್ಯೂಟರ್ ಎಬ್ಬಿಸುವ ಡಿಸ್ಕಿಗೂ ಮಸಿ ಬಳಿದ ಪುಣ್ಯಾತ್ಮ ಇಡೀ ಕರಾವಳಿಯಲ್ಲಿ ಇವನೊಬ್ಬನೇ.

"ಮಾವಯ್ಯಾ, ನಿಮ್ಮ ಕಾಫಿ ಪುಡಿ ಡಬ್ಬಕ್ಕೂ ಬಳ್ದಿದ್ದೀರಾ?" ಎಂದಳು ನೆಲ್ವಿಸ್.

"ನಗು, ನಗು. ಇದು ಆ ತೆರಾನ್‌ದೇ ಕೆಲ್ಸ."

ಓಸ್ವಾಲ್ದೊ ತೆರಾನ್ ಎದುರಾಳಿ ಪಿಕೋ 'ನದಿಯ ಹುಲಿ'ಯ ಒಡೆಯ. ಮಧ್ಯಾಹ್ನ ಇನ್ಸ್‌ಪೆಕ್ಟರ್ ಅವನ ಅಂಗಳಕ್ಕೆ ಹೋದಾಗ ಅವನು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಉಯ್ಯಾಲೆ ಹಾಸಿಗೆಯಲ್ಲಿ ತೂಗಾಡುತ್ತಿದ್ದ.

"ಈ ಕಾಲಲ್ಲಿ ನಾನು ಬಚ್ಚಲಿಗೆ ಹೋಗೋದೇ ದೊಡ್ಡ ಪ್ರಯಾಣ ಸ್ವಾಮೀ. ಮೊಸಳೆ ಬಾಯಿ ಮುಚ್ಕೊಂಡಿದ್ಯಾ? ಯಾರಪ್ಪಾ ಆ ಕಳ್ಳ, ಕರ್ಕೊಂಡ್ಬನ್ನಿ, ಊಟ ಹಾಕಿಸ್ತೀನಿ!"

ಅವನ ನಗುವಿನಲ್ಲಿ ಕಳ್ಳತನವಿರಲಿಲ್ಲ, ಬರೀ ಸಂತೋಷವಿತ್ತು. ಇನ್ಸ್‌ಪೆಕ್ಟರ್ ಅವನನ್ನು ಅಲ್ಲಿಗೇ ಬಿಟ್ಟರು.

ಠಾಣೆಗೆ ಮರಳಿ, ಜಪ್ತಿಯಾದ ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲಿಟ್ಟುಕೊಂಡು ಯೋಚಿಸತೊಡಗಿದರು. ಕಳ್ಳ ಕಪ್ಪು ಮುಖದವನ್ನೇ ಆರಿಸಿದ್ದಾನೆ. ಅಂದರೆ ಅವನಿಗೆ ಬೇಕಿದ್ದದ್ದು ಆ ಹಾಡು. ಅವನಿಗೆ ಪಿಕೋದ ಗುಟ್ಟು ಗೊತ್ತು, ಕಂಪ್ಯೂಟರಿನ ಗಂಧಗಾಳಿ ಇಲ್ಲ. ಆಗ ಡಬ್ಬದ ಮುಚ್ಚಳ ಮೂಗಿನ ಹತ್ತಿರ ಬಂತು.

"ನೆಲ್ವಿಸ್, ಇಲ್ಲಿ ಮೂಸಿ ನೋಡು."

"ಕರಿದ ಎಣ್ಣೆ. ಮೆಕ್ಕೆಜೋಳದ ಹಿಟ್ಟು." ಅವಳ ಹೊಟ್ಟೆ ಗುರ್ ಎಂದಿತು. "ಮೊಟ್ಟೆ ತುಂಬಿದ ಅರೇಪಾ, ಸಾರ್."

"ಅನೀಬಲನ ಮನೇಲಿ ಅರೇಪಾ ಯಾರು ಮಾಡ್ತಾರೆ?"

"ಯಾರೂ ಮಾಡಲ್ಲ. ಅವನ ಹೆಂಡ್ತಿ ದಿನಾ ಬೆಳಗ್ಗೆ ಸೆನ್ಯಾ ಎದಿಲ್ಮಾ ಹತ್ರ ತರಿಸ್ಕೊಳ್ತಾಳೆ. ಅವರೇ ಊಟದ ಮೇಜಿನ ತನಕ ತಂದಿಟ್ಟು ಹೋಗ್ತಾರೆ." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಕುಣಿತದ ಅಂಗಳದ ಬಾಗಿಲಲ್ಲಿ ಬಾಣಲೆ ಇಟ್ಟುಕೊಂಡು ಅರೇಪಾ ಕರಿಯುವ ಎದಿಲ್ಮಾ ಪಾದಿಯಾಳನ್ನು ಬಾಯ್ತುಂಬ 'ಸೆನ್ಯಾ', ಅಂದರೆ 'ಅಮ್ಮಾವ್ರೇ', ಎನ್ನದವರು ಊರಿನಲ್ಲಿರಲಿಲ್ಲ.

ವಾಸನೆಯನ್ನು ಸಾಕ್ಷಿಯಾಗಿ ನ್ಯಾಯಾಧೀಶರ ಮುಂದಿಡಲಾಗದು. ಶುಕ್ರವಾರ ಬೆಳಗ್ಗೆ ಇಬ್ಬರೂ ಮಾರ್ಬೆಲ್‌ಳ ರಿಪೇರಿ ಅಂಗಡಿಗೆ ಹೋದರು. ರೇಡಿಯೊ, ಕಂಪ್ಯೂಟರ್, ಫ್ಯಾನು, ಊರಿನಲ್ಲಿ ಏನೇ ಕೆಟ್ಟರೂ ಬರುವುದು ಅಲ್ಲಿಗೇ.

"ಈ ವಾರ ಡಿಸ್ಕು ಹಾಕೋ ಪೆಟ್ಟಿಗೆ ಯಾರಾದ್ರೂ ರಿಪೇರಿಗೆ ತಂದ್ರಾ?"

"ಸೆನ್ಯಾ ಎದಿಲ್ಮಾ ತಂದಿದ್ರು, ನಿನ್ನೆ. ಮೂಕ ಆಗೋಗಿದೆ, ಏನು ಹಾಕಿದ್ರೂ ಉಸಿರಿಲ್ಲ ಅಂತ. ನಾನು ಒಂದು ಹಾಡು ಹಾಕ್ದೆ, ಲಕ್ಷಣವಾಗಿ ಹಾಡ್ತು. ಅವರು ಮಾತ್ರ ಅಳುಮುಖ ಮಾಡ್ಕೊಂಡು ಹೋದ್ರು. ಯಾಕೆ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಪ್ರಕರಣ ಬಗೆಹರಿದಿತ್ತು, ಅವರಿಗೆ ಮಾತ್ರ ಸ್ವಲ್ಪವೂ ಖುಷಿಯಾಗಲಿಲ್ಲ.

ಎದಿಲ್ಮಾ ಒಲೆ ಆರಿಸುತ್ತಿದ್ದಳು. ಸಮವಸ್ತ್ರ ಕಂಡದ್ದೇ ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮೂರೂ ಡಿಸ್ಕುಗಳನ್ನು ತಂದು ಕೈಗಿಟ್ಟಳು.

"ತಗೋಪ್ಪಾ ವಿಲ್ಫ್ರಿದೊ. ಮೂರೂ ಮೂಕವೇ. ಪಾಪ ಸುತ್ತಿಕೊಂಡಿದ್ದೇ ಬಂತು."

"ಯಾಕೆ ತಗೊಂಡ್ರಿ, ಸೆನ್ಯಾ?"

"ನಾಡಿದ್ದು... ಅಲ್ಲ, ನಾಳೆಯಿಂದ ಕುಣಿತ ನದಿ ಆಚೆ. ಅಲ್ಲಿ ತಿಂಡಿಯವರಿಗೆ ಜಾಗ ಇಲ್ವಂತೆ. ನನ್ನ ಮಂಡಿ ದೋಣಿ ಹತ್ತಲ್ಲ. ಆ ಹಾಡಿನ ಪಲ್ಲವಿ ಹಾಡೋರಲ್ಲಿ ಒಬ್ರು ನಮ್ಮನೆಯವರು. ಬದುಕಿದ್ದಾಗ ಬಾರಾಂಕಿಯಾ ಪಟ್ಟಣಕ್ಕೆ ಹೋಗಿ ಅದೊಂದೇ ಸಲ ಹಾಡಿ ಬಂದ್ರು. ಬಾಗಿಲಲ್ಲಿ ಕೂತ್ಕೊಂಡು ವಾರಕ್ಕೊಂದು ಸಲ ಕೇಳ್ತಿದ್ದೆ. ನಂಗೊಂದು ನಕಲು ಮಾಡ್ಕೊಡೋ ಅಂತ ಅನೀಬಲನ್ನ ಕೇಳ್ದೆ. ನಮ್ಮಮ್ಮಂಗೂ ಕೊಡಲ್ಲ ಅಂದ."

ನೆಲ್ವಿಸ್ ದಸ್ತಗಿರಿಯ ಮಾತುಗಳನ್ನು ಓದಿ ಹೇಳಿದಳು. ಎದಿಲ್ಮಾಳೇ ಅವಳ ಬೆನ್ನು ತಟ್ಟಿ, "ನಡಿ ಮಗಳೇ, ಬಿಸ್ಲು ಏರ್ತಿದೆ," ಎಂದಳು.

ಡಿಸ್ಕು ಪತ್ತೆಯಾಗಿದೆ ಎಂದು ಕೇಳಿ ಅನೀಬಲ್ ಕಂಪ್ಯೂಟರ್ ಹೊತ್ತುಕೊಂಡು, ಮಾರ್ಬೆಲ್‌ಳನ್ನೂ ಕರೆದುಕೊಂಡು ಠಾಣೆಗೆ ಬಂದು ಕಾಯುತ್ತಿದ್ದ. ಡಿಸ್ಕುಗಳನ್ನು ಕಂಡು ಅವನ ಮುಖ ಅರಳಿತು. ಬೆಂಚಿನ ಮೇಲೆ ಎದಿಲ್ಮಾಳನ್ನು ಕಂಡು ಬಾಡಿತು.

"ಹಾಕ್ಲಾ?" ಮಾರ್ಬೆಲ್ ಕೇಳಿದಳು. "ಇದರೊಳಗಿನ ಅಪರೂಪದ ಹಾಡುಗಳ ಅಸಲಿ ಡಿಸ್ಕು ಮನೇಲಿ ಇದಾವೆ ತಾನೇ?"

"ಇಲ್ಲ. ಕಂಪ್ಯೂಟರಿಗೆ ಹಾಕಿದ್ಮೇಲೆ ಎಲ್ಲಾ ಮುರ್ದು ನದಿಗೆಸ್ದೆ. ಯಾರ ಕೈಗೂ ಸಿಗ್ಬಾರ್ದು ಅಂತ."

ಮಾರ್ಬೆಲ್ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. "ಅಯ್ಯೋ ಮಹಾನುಭಾವ! ಈ ಡಿಸ್ಕು ಹಾಕಿದ್ರೆ ಮಷೀನ್ ಅಂಗಡಿಯಿಂದ ಬಂದ ದಿನದ ಹಾಗೆ ಆಗುತ್ತೆ. ಒಳಗಿರೋದೆಲ್ಲ ಗುಡಿಸ್ಹಾಕುತ್ತೆ. ಒಂದು ಹಾಡೂ ಉಳಿಯಲ್ಲ."

"ಆ ಹಾಡು?"

"ಅದೂ."

ಅನೀಬಲ್ ಕುರ್ಚಿಗೆ ಕುಸಿದ. ಡಿಸ್ಕು ಕೈಗೆ ಸಿಕ್ಕಿದ್ದರೆ ಬುಧವಾರವೇ ತಾನೇ ಹಾಕಿಬಿಡುತ್ತಿದ್ದ. ಕಳ್ಳತನವಾಗದಿದ್ದರೆ ಹಾಡು ಹೋಗುತ್ತಿತ್ತು. ಅದು ಅವನ ತಲೆಗೆ ನಿಧಾನವಾಗಿ ಇಳಿಯುವುದನ್ನು ಎಲ್ಲರೂ ನೋಡುತ್ತ ನಿಂತರು.

ಮಾರ್ಬೆಲ್ ಅವನ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಹಾಡುಗಳಿದ್ದ ಭಾಗವನ್ನು ಹೊರತೆಗೆದು ಠಾಣೆಯ ಕಂಪ್ಯೂಟರಿಗೆ ಜೋಡಿಸಿದಳು. ಹಾಡುಗಳೆಲ್ಲ ಇದ್ದವು. ಸರಿಯಾಗಿದೆಯೋ ನೋಡಲು ಒಂದನ್ನು ಹಾಕಿದಳು. ಯಾವುದನ್ನು ಎಂದು ಯಾರೂ ಹೇಳಬೇಕಾಗಲಿಲ್ಲ.

ಠಾಣೆಯ ಬಡಕಲು ಸ್ಪೀಕರಿನಲ್ಲಿ ಡೋಲು ಶುರುವಾಯಿತು, ಗಿಟಾರು ಸೇರಿತು. ಪಲ್ಲವಿ ಬಂದಾಗ ನಾಲ್ಕು ದನಿಗಳು ಒಟ್ಟಿಗೆ ಎದ್ದವು, ಐದನೆಯದು ಅರೆಗಳಿಗೆ ಹಿಂದೆ ಬಿತ್ತು. ಎದಿಲ್ಮಾ ಕಣ್ಣು ಮುಚ್ಚಿ ನಕ್ಕಳು.

"ಕೇಳಿದ್ರಾ? ಅವರೇ. ಊಟಕ್ಕೂ ಹಿಂಗೇ, ಎಲ್ರೂ ಕೂತ್ಮೇಲೆ ಬರೋರು."

ಅನೀಬಲ್ ಎದ್ದು ಹೋಗಿ ಅವಳ ಪಕ್ಕ ಬೆಂಚಿನ ಮೇಲೆ ಕೂತ. ದೂರು ವಾಪಸಿನ ಅರ್ಜಿಗೆ ಇನ್ಸ್‌ಪೆಕ್ಟರ್ ಹಾಳೆ ಮುಂದಿಟ್ಟರೆ ಅದರತ್ತ ನೋಡಲೂ ಇಲ್ಲ.

"ಬರೆಯೋಣ, ಇರಿ," ಎಂದ. "ಮಾರ್ಬೆಲ್, ಇನ್ನೊಂದ್ಸಲ ಹಾಕಮ್ಮಾ. ಇಷ್ಟು ವರ್ಷ ಹಾಕಿದೀನಿ, ಆ ದನಿ ನಂಗೆ ಕೇಳಿಸ್ಲೇ ಇಲ್ಲ."